ನಿಂಬವಾಡಿಯ ಕಾರ್ಡುಗಳು

ಕಾಶೀರಾಮ ಸರ್ ತೀರಿಕೊಂಡ ಎರಡನೆಯ ವರ್ಷಕ್ಕೆ ಅವರ ಕಾಗದಪತ್ರಗಳು ಬೀದರದ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದವು. ಎರಡು ತಗಡಿನ ಟ್ರಂಕು, ಒಂದು ಗೋಣಿಚೀಲ. ಮೈಲೂರಿನ ಮನೆಯಿಂದ ಆಟೊದಲ್ಲಿ ಹಾಕಿಕೊಂಡು ಬಂದವರು ಅವರ ಹೆಂಡತಿ ಜಿಜಾಬಾಯಿ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಅರವತ್ತೆಂಟು ವಯಸ್ಸು, ಇನ್ನೂ ನೆಟ್ಟಗಿನ ಬೆನ್ನು. ಕೀಲಿಗಳನ್ನು ಮೇಜಿನ ಮೇಲಿಟ್ಟು, "ಇದರಾಗ ಏನದ ಅಂತ ನಾ ನೋಡಿಲ್ಲ. ನೋಡಬೇಕಂತ ಅನ್ನಿಸಲೂ ಇಲ್ಲ. ಇನ್ನ ನಿಮ್ಮ ಜಿಮ್ಮಾ," ಅಂದರು.

ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪ್ರಣಿತಾ, ಆರು ತಿಂಗಳ ಗುತ್ತಿಗೆಯ ಮೇಲಿದ್ದವಳು. ಬಂದ ಪ್ರತಿ ಹಾಳೆಗೂ ಒಂದು ನಂಬರು ಕೊಡಬೇಕು, ಯಾರು ಯಾರಿಗೆ ಯಾವಾಗ ಬರೆದದ್ದು ಎಂದು ನಮೂದಿಸಬೇಕು, ವಿಷಯವನ್ನು ಒಂದು ಸಾಲಿನಲ್ಲಿ ಹೇಳಬೇಕು. ಅಷ್ಟೇ ಕೆಲಸ. ಆದರೆ ನನಗೆ ಅದು ಅಷ್ಟೇ ಆಗಿರಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಸರ್ ತತ್ವಶಾಸ್ತ್ರ ಕಲಿಸಿದ ಕೊನೆಯ ಬ್ಯಾಚಿನಲ್ಲಿ ನಾಲ್ಕೇ ಜನ ಇದ್ದೆವು, ಅವರಲ್ಲಿ ನಾನೊಬ್ಬಳು. ಮುಂದೆ ಅದನ್ನೇ ಓದಬೇಕೆಂದಿದ್ದೆ. ಕೆಲಸ ಸಿಗುವುದಿಲ್ಲ ಎಂದು ಮನೆಯಲ್ಲಿ ಹೇಳಿದರು, ಗ್ರಂಥಾಲಯ ವಿಜ್ಞಾನಕ್ಕೆ ಸೇರಿದೆ. ಸರ್ ಹತ್ತಿರ ಹೋಗಿ ಈ ಮಾತು ಹೇಳಲಿಕ್ಕೂ ನನಗೆ ಮುಖ ಇರಲಿಲ್ಲ. ಈಗ ಅವರ ಅಕ್ಷರದ ಎದುರು ದಿನವಿಡೀ ಕೂಡುವ ಅವಕಾಶ ಸಿಕ್ಕಿತ್ತು.

ಸರ್ ಹೆಸರು ದೊಡ್ಡದೇನಲ್ಲ. ಆದರೆ ಅವರ ಅಚ್ಚಾಗದ ಒಂದು ಹಸ್ತಪ್ರತಿ ಇತ್ತು, ನಾನೂರು ಪುಟದ್ದು, ಹೆಸರು 'ಅಭಾವ'. ಕಲಬುರ್ಗಿ, ಪುಣೆಯ ಕೆಲವು ಪಂಡಿತರು ಅದರ ನಕಲು ಓದಿ ಕಾಗದ ಬರೆದಿದ್ದರು. 'ಮೇಜಿನ ಮೇಲೆ ಕೊಡ ಇಲ್ಲ' ಅಂದಾಗ ನಾವು ಕಾಣುವುದು ಬರೀ ಮೇಜನ್ನೋ, ಅಥವಾ ಆ 'ಇಲ್ಲ' ಎಂಬುದೂ ಅಲ್ಲಿ ಒಂದು ವಸ್ತುವಿನ ಹಾಗೆ ಇರುತ್ತದೋ? ಸಾವಿರಾರು ವರ್ಷದಿಂದ ಪಂಡಿತರು ಜಗಳಾಡಿದ ಪ್ರಶ್ನೆ ಇದು. ಬೌದ್ಧರು, ಇಲ್ಲದ್ದು ಇಲ್ಲವೇ ಇಲ್ಲ, ಅದು ನಮ್ಮ ಮನಸ್ಸು ಕಟ್ಟಿದ ಮಾತು ಎನ್ನುತ್ತಾರೆ. ಸರ್ ಬೌದ್ಧರಾಗಿದ್ದೂ ಹಸ್ತಪ್ರತಿಯ ತುಂಬ ಆ ಮಾತಿನ ಜೊತೆ ಗುದ್ದಾಡಿದ್ದರು. ಅಲ್ಲಲ್ಲಿ 'ನಿಂಬವಾಡಿಯವರು ಹೀಗೆ ಕೇಳುತ್ತಾರೆ', 'ನಿಂಬವಾಡಿಯ ಆಕ್ಷೇಪ ಹೀಗಿದೆ' ಎಂದು ಬರೆದಿದ್ದರು. ಈ ನಿಂಬವಾಡಿ ಯಾವ ಕಾಲದ ಪಂಡಿತ, ಯಾವ ಗ್ರಂಥ ಎಂದು ಪುಣೆಯವರೊಬ್ಬರು ಎರಡು ಸಲ ವಿಚಾರಿಸಿದ್ದರು. ಸರ್ ಕೊಟ್ಟ ಉತ್ತರದ ನಕಲೂ ಟ್ರಂಕಿನಲ್ಲಿತ್ತು: 'ಗ್ರಂಥವಿಲ್ಲ. ಈ ಕಾಲದವರೇ.'

ಎರಡನೆಯ ಟ್ರಂಕಿನ ತಳದಲ್ಲಿ ಪೋಸ್ಟ್ ಕಾರ್ಡುಗಳ ಕಟ್ಟು ಸಿಕ್ಕಿತು. ಅರವತ್ಮೂರು ಕಾರ್ಡು. ಎಲ್ಲವೂ ಭಾಲ್ಕಿಯ ಕಾಲೇಜಿನ ವಿಳಾಸಕ್ಕೆ ಬಂದವು, ಯಾವುದರ ಮೇಲೂ ಬರೆದವರ ಹೆಸರಿಲ್ಲ, ಕೊನೆಗೆ ಬರೀ 'ನಿಂಬವಾಡಿಯಿಂದ ಶರಣು'. ಅಕ್ಷರ ಒಂದರಂತೆ ಒಂದಿಲ್ಲ. ಕೆಲವು ಶಾಲೆಯ ಹುಡುಗರ ಗುಂಡು ಕನ್ನಡ, ಕೆಲವು ಮರಾಠಿ, ಮೂರು ಉರ್ದು. ನಾನು ಅಕ್ಷರ ನೋಡಿ ಬೇರೆ ಬೇರೆ ಮಾಡಿ, 'ಅಪರಿಚಿತ ಲೇಖಕರು, ಹನ್ನೆರಡು ಮಂದಿ' ಎಂದು ಬರೆದುಕೊಂಡೆ.

ಉರ್ದು ನನಗೆ ಬರುವುದಿಲ್ಲ. ನಮ್ಮ ಗ್ರಂಥಪಾಲಕರಾದ ಜಹೀರೋದ್ದೀನ ಸಾಹೇಬರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿ ಹೇಳಿದರು.

"'ಮಾಸ್ತರ ಸಾಹೇಬರಿಗೆ ಸಲಾಮ. ಕುರಿ ಕಳದ ದಿನ ನಾಯಿ ಹಿಂಡಿನ ಸುತ್ತ ತಿರಗೂದು ಬಿಟ್ಟು ದಾರಿ ನೋಡಕೋತ ಕೂಡ್ತದ ಅಂತ ಹೋದ ಸಲ ಬರಸಿದ್ದೆ. ನಾಯಿ ನೋಡೂದು ಏನನ್ನ ಅಂತ ನೀವು ಹೇಳಲಿಲ್ಲ.' ಇಷ್ಟೇ ಅದ ಪ್ರಣಿತಾ. ಯಾರು ಬರದಾರೋ, ಅಕ್ಷರ ಛಲೋ ಅದ."

ಆ ನಾಯಿಯನ್ನು ಹಿಂದಿನ ದಿನವೇ ಒಂದು ಮರಾಠಿ ಕಾರ್ಡಿನಲ್ಲಿ ನೋಡಿದ್ದೆ. ಹೋಗಿ ಹುಡುಕಿದೆ. ಆಮೇಲಿನ ತಿಂಗಳ ಕನ್ನಡ ಕಾರ್ಡೊಂದರಲ್ಲೂ ಅದೇ ನಾಯಿ. ಎಲ್ಲವನ್ನೂ ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಹಚ್ಚಿದೆ. ಹನ್ನೆರಡು ಕೈ, ಮೂರು ಭಾಷೆ, ಮಾತು ಮಾತ್ರ ಒಬ್ಬರದೇ. ಬರೆಯಲು ಬಾರದ ಯಾರೋ ಒಬ್ಬರು, ಎದುರಿಗೆ ಸಿಕ್ಕವರ ಕಡೆಯಿಂದ ಬರೆಸಿದ್ದರು.

ಸರ್ ಪಂಡಿತರಿಗೆ ಬರೆದ ಕಾಗದಗಳ ನಕಲು ಇಡುತ್ತಿದ್ದಂತೆ ನಿಂಬವಾಡಿಗೆ ತಾವು ಬರೆದ ಕಾರ್ಡುಗಳ ನಕಲಿಗೂ ಒಂದು ಉದ್ದ ನೋಟಬುಕ್ಕು ಇಟ್ಟಿದ್ದರು. ರಟ್ಟಿನ ಮೇಲೆ 'ನಿಂಬವಾಡಿ' ಎಂದಿತ್ತು. ಮೊದಲ ಪುಟದಲ್ಲಿ ಅದರ ಹಕೀಕತ್ತು.

ಸರ್ ಕಾಲೇಜಿಗೆ ಬರುವ ಮೊದಲು ಔರಾದ ತಾಲೂಕಿನ ನಿಂಬವಾಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಎಂಬತ್ತೊಂದರ ಜನಗಣತಿಗೆ ಮನೆಮನೆ ತಿರುಗಿದರು. ಕುರಿಗಾರರ ಒಂದು ಮನೆಯಲ್ಲಿ ಇಪ್ಪತ್ತೆರಡು ವರ್ಷದ ಹೆಣ್ಣುಮಗಳು, ಅಂಜನಾಬಾಯಿ. ಗಂಡ ವೈಜಿನಾಥ ಎರಡು ವರ್ಷದ ಹಿಂದೆ ಕುರಿ ಹೊಡೆದುಕೊಂಡು ಗೋದಾವರಿಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರು ಬಂದರು, ಕುರಿಗಳೂ ಬಂದವು, ಅವನೊಬ್ಬನೇ ಇಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಗಂಡನಿದ್ದವಳು ಎಂದು ಬರೆಯಲೋ, ಗಂಡ ಸತ್ತವಳು ಎಂದು ಬರೆಯಲೋ ಎಂದು ಸರ್ ಕೇಳಿದರು. ಆಕೆಯ ಜವಾಬನ್ನು ಅವರು ಅಕ್ಷರ ಬಿಡದೆ ಬರೆದುಕೊಂಡಿದ್ದರು.

'ಎರಡೂ ಬರೀಬ್ಯಾಡ್ರಿ ಮಾಸ್ತರ. ಅಂವ ಇಲ್ಲ ಅನ್ನೂದು ಈ ಮನ್ಯಾಗ ದಿನಾ ಅದ. ನಾ ಅದರ ಜೋಡಿನೇ ಇರ್ತೇನಿ. ಅದನ್ನ ಎಲ್ಲಿ ಬರೀತೀರಿ?'

ಅದನ್ನು ಬರೆಯಲು ಆ ಹಾಳೆಯಲ್ಲಿ ಜಾಗ ಇರಲಿಲ್ಲ. ಮೂರು ವರ್ಷದ ಮೇಲೆ ಸರ್ ಭಾಲ್ಕಿಗೆ ಹೋದರು. ಹೋಗುವಾಗ, ನಿಮ್ಮ ಪ್ರಶ್ನೆಗೆ ಜವಾಬು ಸಿಕ್ಕರೆ ಬರೆಯುತ್ತೇನೆ ಎಂದರು. ಆಕೆ ಒಂದೇ ಮಾತು ಹೇಳಿದ್ದಳು: 'ಕಾರ್ಡಿನ ಮ್ಯಾಲ ಬರೀರಿ. ಎಲ್ಲಾರೂ ಓದಲಿ. ಮುಚ್ಚಿದ ಕಾಗದ ಬಂದ್ರ ಊರ ಮಂದಿ ಇಲ್ಲದ್ದು ಹುಟ್ಟಸ್ತಾರ.'

ಹಾಗೆ ಇಪ್ಪತ್ತೊಂದು ವರ್ಷ ಕಾರ್ಡುಗಳು ಓಡಾಡಿದವು. ನಾನು ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಓದಿದೆ. ಸರ್ ಶಾಸ್ತ್ರ ಹೇಳುವರು, ಆಕೆ ನಾಯಿಯನ್ನು, ಬತ್ತಿದ ಬಾವಿಯನ್ನು, ಹಲ್ಲು ಬಿದ್ದ ಜಾಗಕ್ಕೆ ಹೋಗಿ ಹೋಗಿ ತಾಗುವ ನಾಲಗೆಯನ್ನು ತಂದು ಎದುರಿಗಿಡುವಳು. ಸರ್ ಎಷ್ಟೋ ಕಡೆ ಸೋತಿದ್ದರು. 'ನಾಯಿ ದಾರಿಯನ್ನು ಮಾತ್ರ ನೋಡುತ್ತದೆ ಎಂದು ನಮ್ಮ ಶಾಸ್ತ್ರ. ನನಗೇ ಒಪ್ಪಿಗೆಯಾಗಿಲ್ಲ' ಎಂದು ಒಂದು ಕಡೆ ಬರೆದಿದ್ದರು.

ಎರಡು ಸಾವಿರದ ಐದರಲ್ಲಿ ಕಾರ್ಡು ನಿಂತವು. ಸರ್ ಬರೆದ ಕೊನೆಯದು ಕಾರ್ಡಲ್ಲ, ಲಕೋಟೆಯಲ್ಲಿ ಹಾಕಿ ಕಳಿಸಿದ ಎರಡು ಪುಟದ ಕಾಗದ. ನೋಟಬುಕ್ಕಿನಲ್ಲಿ ಅದರ ನಕಲಿತ್ತು. 'ಇಪ್ಪತ್ತಾರು ವರ್ಷವಾಯಿತು. ವೈಜಿನಾಥ ಇನ್ನು ಬರುವುದಿಲ್ಲ. ಅವನು ತೀರಿಕೊಂಡಿದ್ದಾನೆ ಎಂದು ತಿಳಿಯಿರಿ. ಇಲ್ಲ ಎಂಬುದು ಎಲ್ಲೂ ಇರುವುದಿಲ್ಲ, ಅದು ನಿಮ್ಮ ಮನಸ್ಸಿನ ಹಟ. ಇಷ್ಟು ದಿನ ನಿಮ್ಮ ಜೊತೆ ಮಾತಾಡುತ್ತ ಆ ಹಟವನ್ನು ನಾನೇ ಬೆಳೆಸಿದೆನೋ ಎಂಬ ಭಯ ನನಗೆ. ಇದನ್ನು ಊರಿಗೆಲ್ಲ ಕೇಳುವಂತೆ ಬರೆಯಬಾರದೆಂದು ಮುಚ್ಚಿ ಕಳಿಸುತ್ತಿದ್ದೇನೆ.'

ಅದಕ್ಕೆ ಜವಾಬು ಬಂದಿರಲಿಲ್ಲ. ಆಮೇಲಿನ ಪುಟಗಳಲ್ಲಿ ಮೂವತ್ತೊಂದು ಕಾಗದಗಳ ಕರಡುಗಳಿದ್ದವು, ಕಡೆಯದು ಎರಡು ಸಾವಿರದ ಇಪ್ಪತ್ತೊಂದರದು. ಯಾವುದನ್ನೂ ಕಳಿಸಿರಲಿಲ್ಲ. ಎಲ್ಲದರ ಮೊದಲ ಸಾಲೂ ಹೆಚ್ಚುಕಡಿಮೆ ಒಂದೇ: 'ಆ ಕಾಗದ ಹರಿದು ಹಾಕಿರಿ. ನಾನು ತಿಳಿಯದೆ ಬರೆದೆ.' ಒಂದರ ಕೆಳಗೆ ತಮಗೇ ಎಂಬಂತೆ ಬರೆದುಕೊಂಡಿದ್ದರು: 'ಕಾರ್ಡಿನ ಮೇಲೆ ಬರೆದರೆ ಊರಿಗೆಲ್ಲ ಕೇಳುತ್ತದೆ. ಮುಚ್ಚಿ ಕಳಿಸಿದರೆ ಮತ್ತೆ ಅದೇ ತಪ್ಪು.'

ಮರುದಿನ ಮೈಲೂರಿಗೆ ಹೋದೆ. ಜಿಜಾಬಾಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು.

"ಅಮ್ಮಾ, ನಿಂಬವಾಡಿ ಅಂತ ಸರ್ ಯಾವತ್ತರ ಹೇಳಿದ್ರೇನ್ರಿ?"

ಕೈ ನಿಂತಿತು. "ಹೇಳಲಿಲ್ಲ. ನನಗ ಗೊತ್ತಿತ್ತು," ಅಂದರು. "ಕಾರ್ಡು ಕಾಲೇಜಿಗೆ ಬರತಿದ್ವು. ಬಂದ ದಿನ ಇವರ ಮಾರಿ ನೋಡಿದ್ರ ತಿಳೀತಿತ್ತು. ಊಟಾ ಮಾಡೂದು ಕಡಿಮಿ, ಬರಿಯೂದು ಜಾಸ್ತಿ. ಯಾರೋ ಹೆಣ್ಮಗಳದಂತ ಕಾಲೇಜಿನ ಜವಾನ ಒಂದಿನ ಬಾಯಿ ತಪ್ಪಿ ಅಂದಿದ್ದ. ನಾ ಕೇಳಲಿಲ್ಲ. ಕೇಳಿದ್ರ ಹೇಳತಿದ್ರೇನೋ."

"ಅಂಥಾದ್ದೇನೂ ಇಲ್ರಿ ಅಮ್ಮಾ ಅದರಾಗ."

"ಅಂಥಾದ್ದು ಅದ ಅಂತ ನಾ ಅನಕೊಂಡಿಲ್ಲವ್ವ. ಅವರು ಅಂಥವರಲ್ಲ. ಆದ್ರ ಅವರಿಗೆ ಮಾತಾಡೂದು ಬರತದ ಅಂತ ಆತಲ್ಲ. ನನ್ನ ಜೋಡಿ ಆಡಲಿಲ್ಲ. ಎಂಬತ್ತೇಳರಾಗ ಒಂಬತ್ತು ತಿಂಗಳ ಟ್ರೇನಿಂಗಿಗೆ ಕಲಬುರ್ಗಿಗೆ ಹೋಗಿದ್ದೆ. ನಾಲ್ಕು ಕಾಗದ ಬರದಾರ ನನಗ. ಒಂದೊಂದರಾಗ ನಾಲ್ಕು ಸಾಲು. 'ಆರಾಮ ಅದೇನಿ. ಮಳಿ ಆಗ್ಯದ. ಅಭ್ಯಾಸ ಮಾಡು.' ಹಾಸ್ಟೆಲ್ಲಿನಾಗ ಎಲ್ಲಾರ ಗಂಡಂದಿರ ಕಾಗದ ಓದಿ ಹುಡುಗ್ಯಾರು ನಗತಿದ್ರು, ಅಳತಿದ್ರು. ನನ್ನದು ಓದಾಕ ಏನೂ ಇರತಿರಲಿಲ್ಲ."

ಎಂಬತ್ತೇಳರ ಪುಟಗಳನ್ನು ನಾನು ಓದಿದ್ದೆ. ಅಲ್ಲಿ ಇರುವುದನ್ನು ನನ್ನ ಬಾಯಿಂದ ಹೇಳಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಬದಲಿಗೆ ಕೊನೆಯ ಕಾಗದದ ಕತೆಯನ್ನು, ಕಳಿಸದ ಮೂವತ್ತೊಂದು ಕರಡುಗಳ ಕತೆಯನ್ನು ಹೇಳಿದೆ.

ಅವರು ಸುಲಿದ ಕಾಳನ್ನು ಬೆರಳಿನಿಂದ ಆಡಿಸಿದರು. "ರಿಟೈರ ಆದ ವರ್ಷ ಒಂದಿನ ಔರಾದಕ್ಕ ಹೋಗಿ ಬರ್ತೇನಿ ಅಂತ ಹೋದ್ರು. ಸಂಜಿಮುಂದ ಬಂದ್ರು. ಏನಾತು ಅಂದ್ರ, ಬಸ್‌ಸ್ಟ್ಯಾಂಡಿನಾಗ ಚಾ ಕುಡದು ಬಂದೆ ಅಂದ್ರು. ಹುಚ್ಚರಂಗ ನಕ್ಕುಬಿಟ್ಟೆ ನಾ. ಆಕಿ ಅದಾಳೇನು ಇನ್ನ?"

"ಗೊತ್ತಿಲ್ರಿ. ಹೋಗಿ ನೋಡಬೇಕಂತ ಮಾಡೀನಿ. ಪಟ್ಟಿಯೊಳಗ ಹೆಸರು ಹಾಕೂದಕ್ಕ ಅವರ ಒಪ್ಪಿಗಿ ಬೇಕು."

"ನಾನೂ ಬರ್ತೇನಿ," ಅಂದರು ಜಿಜಾಬಾಯಿ.

ಆ ಗುರುವಾರ ಬೆಳಿಗ್ಗೆ ಇಬ್ಬರೂ ಔರಾದ ಬಸ್ ಹತ್ತಿದೆವು. ನೋಟಬುಕ್ಕನ್ನು ಹೊರಗೆ ಒಯ್ಯುವ ಹಾಗಿರಲಿಲ್ಲ. ಜಹೀರೋದ್ದೀನ ಸಾಹೇಬರು ತಮ್ಮ ಹೆಸರಿನಲ್ಲಿ ಸಹಿ ಹಾಕಿ, ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟಿದ್ದರು. ದಾರಿಯುದ್ದಕ್ಕೂ ತೊಗರಿ ಹೂವಿಗೆ ಬಂದಿತ್ತು, ನಡುನಡುವೆ ಹಿಂಗಾರಿ ಜೋಳದ ಎಳೆ ಹಸಿರು. ಔರಾದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಜಿಜಾಬಾಯಿ ಚಾದ ಅಂಗಡಿಗಳ ಕಡೆ ಒಂದೊಂದಾಗಿ ನೋಡಿದರು. ಅಲ್ಲಿಂದ ಒಂಬತ್ತು ಕಿಲೋಮೀಟರು ಆಟೊ.

ನಿಂಬವಾಡಿಯಲ್ಲಿ ಕೇಳಿದೊಡನೆ ಮನೆ ತೋರಿಸಿದರು. ಅಂಜನಾಬಾಯಿ ಇದ್ದರು. ಬೇವಿನ ಗಿಡದ ಕೆಳಗೆ ಕೂತು ಕುರಿಮರಿಯೊಂದಕ್ಕೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದರು. ಅರವತ್ತೈದು ದಾಟಿದ, ಸಣ್ಣ ಜೀವ. ಹಣೆಯ ಮೇಲೆ ಕುಂಕುಮ, ಕೈತುಂಬ ಹಸಿರು ಬಳೆ. ಮೈದುನನ ಮಗ ಸತೀಶಕುಮಾರ ಕುರಿಗಳನ್ನು ಬಿಟ್ಟುಕೊಂಡು ಹೊರಟಿದ್ದವನು ನಮ್ಮನ್ನು ನೋಡಿ ನಿಂತ.

ನಾನು ಹೆಸರು ಹೇಳಿದೆ. ಎಲ್ಲಿಂದ ಬಂದೆವು, ಯಾಕೆ ಬಂದೆವು ಹೇಳಿದೆ. ಕಾಶೀರಾಮ ಮಾಸ್ತರರು ತೀರಿಕೊಂಡರು ಎಂದೆ.

ಅಂಜನಾಬಾಯಿ ಬಾಟಲಿ ಕೆಳಗಿಟ್ಟರು. ಮರಿ ಅವರ ಬೆರಳು ಚೀಪತೊಡಗಿತು.

"ಯಾವಾಗ್ರಿ?"

"ಎರಡು ವರ್ಷಾತ್ರಿ."

"ಎರಡು ವರ್ಷ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಜಿಜಾಬಾಯಿಯ ಕಡೆ ತಿರುಗಿ, "ನೀವು ಜಿಜಾ ಅಲ್ರಿ?" ಅಂದರು.

ಜಿಜಾಬಾಯಿ ಬೆಚ್ಚಿದರು. "ನಿಮಗ ಹ್ಯಾಂಗ ಗೊತ್ತು?"

"ಕಾರ್ಡಿನಾಗ ಬರತಿತ್ತಲ್ರಿ ನಿಮ್ಮ ಹೆಸರು. ಬರ್ರಿ, ಕೂಡ್ರಿ. ಸತೀಶಾ, ಚಾಪಿ ಹಾಸಪ್ಪ."

ಚಾ ಬಂತು. ನಾನು ನನ್ನ ಮಾತು ಶುರು ಮಾಡಲು ಹೆದರುತ್ತಿದ್ದೆ. ಆ ಕೊನೆಯ ಕಾಗದದಿಂದ ಆಕೆಗೆ ಎಷ್ಟು ನೋವಾಗಿತ್ತೋ, ಅದನ್ನು ಮತ್ತೆ ಕೆದಕುವುದು ಹೇಗೆ? ಕಡೆಗೆ ಜಿಜಾಬಾಯಿಯೇ ಕೇಳಿದರು, ನರ್ಸಿನ ಹಾಗೆ ನೇರವಾಗಿ.

"ಯಾಕ್ರಿ ಅಕ್ಕಾ, ಅವರ ಕಡೀ ಕಾಗದಕ್ಕ ನೀವು ಜವಾಬು ಕೊಡಲಿಲ್ಲ? ಸಿಟ್ಟು ಬಂತೇನು?"

"ಸಿಟ್ಟು ಯಾಕ ಬರಬೇಕ್ರಿ? ಅದರಾಗ ಏನದ ಅಂತ ನನಗ ಗೊತ್ತs ಇಲ್ಲ."

ಅವರು ಒಳಗೆ ಹೋದರು. ತಗಡಿನ ಸಣ್ಣ ಪೇಟಿಯೊಂದನ್ನು ತಂದು ನಮ್ಮ ಎದುರಿಗೆ ತೆರೆದರು. ಒಳಗೆ ಇಲಿ ಕಡಿದ ಒಂದಿಷ್ಟು ಕಾರ್ಡುಗಳು, ಅವುಗಳ ಮೇಲೆ ಹಳದಿಯಾದ ಒಂದು ಲಕೋಟೆ. ಅಂಟು ಬಿಟ್ಟಿರಲಿಲ್ಲ. ಮೇಲೆ ಸರ್ ಅಕ್ಷರದಲ್ಲಿ ಅಂಜನಾಬಾಯಿಯ ಹೆಸರು.

"ಇಪ್ಪತ್ತೊಂದು ವರ್ಷ ಕಾರ್ಡು ಬರದ ಮಾಸ್ತರ ಮುಚ್ಚಿದ ಕಾಗದ ಬರದಾರ ಅಂದ್ರ, ಅದು ಬ್ಯಾರೇದವರ ಕಿವಿಗೆ ಬೀಳಬಾರದು ಅಂತ ಅಲ್ರಿ? ನನಗ ಓದಾಕ ಬರೂದಿಲ್ಲ. ಮತ್ತ ಯಾರ ಕಡಿಂದ ಓದಸಲಿ? ಸಾಲಿ ಹುಡುಗರ ಕಡಿಂದ ಓದಸಿದ್ರ ಅವರ ಮಾತು ಮೀರಿದಂಗ. ಒಳಗ ಏನದ ಅಂತ ತಿಳೀಲಾರದ ಜವಾಬು ಹ್ಯಾಂಗ ಬರಸಲಿ? ಅವರs ಇನ್ನೊಂದು ಕಾರ್ಡು ಹಾಕ್ತಾರ, ಹಾಕಿದ್ರ ತಿಳೀತದ ಅಂತ ಕಾದೆ. ಹಾಕಲಿಲ್ಲ. ನನ್ನ ಮ್ಯಾಲ ಅವರಿಗೇ ಬ್ಯಾಸರ ಆಗ್ಯದ ಅನಕೊಂಡೆ."

ನಾನು ಜಿಜಾಬಾಯಿಯ ಮುಖ ನೋಡಿದೆ. ಅವರು ಲಕೋಟೆಯನ್ನೇ ನೋಡುತ್ತಿದ್ದರು. ಈಕೆ ನೊಂದುಕೊಂಡು ಸುಮ್ಮನಾಗಿದ್ದಾಳೆ ಎಂದು ಸರ್ ಹದಿನಾರು ವರ್ಷ ನೋಟಬುಕ್ಕಿನಲ್ಲಿ ಕ್ಷಮೆ ಕೇಳುತ್ತ ಕೂತಿದ್ದರು. ಈಕೆ ಒಂದು ಕಾರ್ಡಿಗಾಗಿ ಕಾಯುತ್ತ ಕೂತಿದ್ದರು. ನಲವತ್ತು ಕಿಲೋಮೀಟರಿನ ಅಂತರದಲ್ಲಿ.

"ಈಗ ನೀವು ಬಂದೀರಿ," ಎಂದು ಅಂಜನಾಬಾಯಿ ಲಕೋಟೆಯನ್ನು ಜಿಜಾಬಾಯಿಯ ಕಡೆ ಸರಿಸಿದರು. "ನೀವು ಬ್ಯಾರೇದವರಲ್ಲ. ನೀವು ಓದಿದ್ರ ಅವರs ಓದಿದಂಗ."

ಜಿಜಾಬಾಯಿ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಪ್ರಣಿತಾ, ನೀ ಹೇಳು," ಅಂದರು.

ಹೇಳಬಾರದು ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ, ಆ ಮುಖದ ಎದುರು ಸುಳ್ಳು ಬರಲಿಲ್ಲ. "ಅದರಾಗ ಏನದ ಅಂತ ನನಗ ಗೊತ್ತದ್ರಿ. ಅವರ ಕಡಿ ನಕಲಿತ್ತು. ಆದ್ರ ಅದನ್ನ ಬರದದ್ದು ತಪ್ಪಾತು, ಹಿಂದಕ್ಕ ತಗೋಬೇಕು ಅಂತ ಆಮ್ಯಾಲ ಮೂವತ್ತೊಂದು ಸಲ ಬರದಾರ. 'ಹರದು ಹಾಕ್ರಿ' ಅಂತ. ಒಂದನ್ನೂ ಕಳಸಲಿಲ್ಲ."

ಅಂಜನಾಬಾಯಿ ಯೋಚಿಸಿದರು. ದೂರ ಹೋಗುತ್ತಿದ್ದ ಕುರಿಗಳ ಸದ್ದು ಕೇಳಿಸುತ್ತಿತ್ತು.

"ಅವರು ಬ್ಯಾಡ ಅಂದ ಮ್ಯಾಲ ನಾ ಯಾಕ ಕೇಳಲಿ?" ಅಂದರು. "ವೈಜಿನಾಥಂದೇ ಏನೋ ಇರಬೇಕು. ಇರಲಿ. ಹರೀಲಾರೆ ನಾ, ಅವರ ಕೈಬರಹ. ನೀವು ಒಯ್ರಿ. ಅವರಿಗೆ ತಿರುಗಿ ಮುಟ್ಟಿದಂಗ ಆಗ್ತದ."

ಜಿಜಾಬಾಯಿ ಆಗ ಲಕೋಟೆ ತೆಗೆದುಕೊಂಡರು. ಸೆರಗಿನಲ್ಲಿ ಒರೆಸಿ ತಮ್ಮ ಪರ್ಸಿನೊಳಗೆ ಇಟ್ಟರು.

ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. "ಇಷ್ಟು ದಿನ ಹೆಸರು ಹಾಕಬ್ಯಾಡ್ರಿ ಅಂತ ಬರದುಕೊಡೂರಿಗೆ ಹೇಳತಿದ್ದೆ. ಈಗ ನನ್ನ ಮ್ಯಾಲ ಮಾತಾಡೂ ಮಂದಿನೇ ಉಳದಿಲ್ಲ. ಹಾಕ್ರಿ," ಎಂದು ನಕ್ಕರು. ಪುಣೆಯ ಪಂಡಿತರು ಆಕೆಯನ್ನು ಹಳೆಯ ಕಾಲದ ಗ್ರಂಥಕಾರರೆಂದು ತಿಳಿದಿದ್ದರು ಎಂದು ಹೇಳಿದೆ. ಅದು ಅವರಿಗೆ ಅರ್ಥವಾಗಲಿಲ್ಲ, ಅಥವಾ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಅವರ ಕಣ್ಣು ನೋಟಬುಕ್ಕಿನ ಚೀಲದ ಮೇಲಿತ್ತು.

"ಅದರಾಗ ಎಲ್ಲಾ ಕಾರ್ಡು ಅವೇನು?"

"ಎಲ್ಲಾ ಅವ್ರಿ."

"ಒಂದೊಂದನ್ನ ಒಂದೊಂದs ಸಲ ಕೇಳೀನಿ. ಯಾರರ ಅವಸರದಾಗ ಓದಿ ಹೇಳೂರು, ಹೋಗಿಬಿಡೂರು. ಇನ್ನೊಮ್ಮೆ ಓದು ಅನ್ನಾಕ ನಾಚಿಕಿ. ಇನ್ನೊಮ್ಮೆ ಕೇಳಬೇಕಂತ ಭಾಳ ಆಸಿ ಅದ."

ನಾನು ನೋಟಬುಕ್ಕು ತೆರೆದೆ. ಆಗ ಜಿಜಾಬಾಯಿ ಕೈ ಚಾಚಿ, "ತಾ ಇಲ್ಲೆ," ಅಂದರು. ಕನ್ನಡಕ ಹಾಕಿಕೊಂಡು ಎಂಬತ್ನಾಲ್ಕರಿಂದ ಓದತೊಡಗಿದರು. ಗಂಡನ ಮಾತನ್ನು ಮೊದಲ ಸಲ ಓದುತ್ತಿದ್ದರು, ಅದೂ ಇನ್ನೊಬ್ಬಳಿಗೆ ಕೇಳಿಸಲೆಂದು. ಮೊದಮೊದಲು ದನಿ ಬಿಗಿಯಾಗಿತ್ತು, ರೋಗಿಯ ಚೀಟಿ ಓದುವ ಹಾಗೆ. ಅಂಜನಾಬಾಯಿ ಕಣ್ಣು ಮುಚ್ಚಿ ಕೇಳುತ್ತ, ಅಲ್ಲಲ್ಲಿ "ಹೌದು, ಹಿಂಗs ಬರದಿದ್ರು," "ಇದನ್ನ ಗಿರಣಿಯಂವ ಓದಿದ್ದ," ಅನ್ನುತ್ತಿದ್ದರು. ನಾಯಿಯ ಮಾತು ಬಂದಾಗ ಇಬ್ಬರೂ ನಕ್ಕರು.

ಎಂಬತ್ತೇಳು ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಚಾಪೆಯ ಅಂಚನ್ನು ಹಿಡಿದು ಕೂತೆ.

"'ಆಗಸ್ಟ್ ಒಂಬತ್ತು,'" ಎಂದು ಜಿಜಾಬಾಯಿ ಓದಿದರು. "'ಇಲ್ಲ ಅನ್ನೂದು ಎಲ್ಲಿ ಇರ್ತದ ಅಂತ ನೀವು ಕೇಳಿ ಆರು ವರ್ಷಾತು. ನಾ ಪುಸ್ತಕದಾಗ ಹುಡುಕಿದೆ. ಈಗ ನನ್ನ ಮನ್ಯಾಗ ಸಿಕ್ಕದ. ಜಿಜಾ ಟ್ರೇನಿಂಗಿಗೆ ಹೋಗಿ ಮೂರು ತಿಂಗಳಾತು. ಆಕಿ ಮಾತು ಜಾಸ್ತಿ, ನಾ ಕೇಳೂದು ಕಡಿಮಿ ಅಂತ ಆಕಿ ಬೈತಿದ್ಲು. ಈಗ ಆ ಮಾತಿನ ಜಾಗಾ ಹಂಗೇ ಅದ. ನಾ ಅದನ್ನ ತುಳೀಬಾರದು ಅನ್ನೂರಂಗ ಸುತ್ತು ಹಾಕಿ ಅಡ್ಡಾಡ್ತೇನಿ. ಊಟಕ್ಕ ಎರಡು ತಾಟು ತಗೀತೇನಿ, ಒಂದನ್ನ ತಿರುಗಿ...'"

ಅವರು ನಿಲ್ಲಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಓದ್ರಿ ಬಾಯಿ," ಎಂದು ಅಂಜನಾಬಾಯಿ ಮೆಲ್ಲಗೆ ಅಂದರು. "ಮುಂದ ಇನ್ನ ಛಲೋ ಅದ. ಇದು ಬಂದಾಗ ಕಟ್ಟಿಮ್ಯಾಲ ಕೂತ ಹೆಂಗಸ್ರೆಲ್ಲಾ ಕೇಳಿದ್ರು. ಜಿಜಾ ಅಂದ್ರ ಯಾರು, ಎಂಥಾ ಪುಣ್ಯವಂತಿ ಅಂದ್ರು."

"'ಒಂದನ್ನ ತಿರುಗಿ ಇಡ್ತೇನಿ. ಇದನ್ನ ಆಕಿಗೆ ಬರೀಲಾರೆ. ಬರದ್ರ ಟ್ರೇನಿಂಗ್ ಬಿಟ್ಟು ಓಡಿ ಬಂದುಬಿಡ್ತಾಳ. ಆಕಿ ದೊಡ್ಡ ನರ್ಸ್ ಆಗಬೇಕು. ಅದಕ್ಕ ಆಕಿಗೆ ಮಳಿ ಸುದ್ದಿ ಬರೀತೇನಿ, ನಿಮಗ ಇದನ್ನ ಬರೀತೇನಿ.'"

ನೋಟಬುಕ್ಕು ಅವರ ತೊಡೆಯ ಮೇಲೆ ತೆರೆದೇ ಇತ್ತು. ಅವರು ಅತ್ತರು. ಸದ್ದಿಲ್ಲದೆ, ಬೆನ್ನು ಹಾಗೇ ನೆಟ್ಟಗಿಟ್ಟುಕೊಂಡು. ಅಂಜನಾಬಾಯಿ ಹತ್ತಿರ ಸರಿದು ಅವರ ಮೊಣಕಾಲ ಮೇಲೆ ಕೈಯಿಟ್ಟರು. ಎಷ್ಟು ಹೊತ್ತಾಯಿತೋ, ಸತೀಶಕುಮಾರನ ಹೆಂಡತಿ ಬಂದು ರೊಟ್ಟಿ ತಯಾರಾಗಿದೆ ಎಂದು ಕರೆದಳು.

ಹೊರಡುವಾಗ ಅಂಜನಾಬಾಯಿ ಊರ ಮುಂದಿನ ದಾರಿಯ ತನಕ ಬಂದರು. ಇನ್ನರ್ಧ ನೋಟಬುಕ್ಕು ಉಳಿದಿತ್ತು. "ಮುಂದಿನ ಗುರುವಾರ ಬರ್ತೇನಿ," ಎಂದು ಜಿಜಾಬಾಯಿ ಮಾತು ಕೊಟ್ಟರು. ನೋಟಬುಕ್ಕು ಕಾಲೇಜಿನದು, ವಾರವಾರ ಹೊರಗೆ ತರಲಾಗದು ಎಂದು ನಾನು ಹೇಳಹೋದೆ. "ನಕಲ ತಗದು ಕೊಡು ನನಗ," ಅಂದರು.

ಆಟೊದಲ್ಲಿ ಔರಾದಕ್ಕೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಬೀದರ ಬಸ್ ಹೊರಡಲು ನಿಂತಿತ್ತು. ಹತ್ತಲು ಹೋದ ನನ್ನ ಕೈ ಹಿಡಿದು ಜಿಜಾಬಾಯಿ ಕೇಳಿದರು.

"ನೀ ಇದನ್ನ ಮೊದಲs ಓದಿದ್ದಿ ಅಲ್ಲ?"

"ಹೂಂ, ಅಮ್ಮಾ."

"ನಾ ಅವತ್ತು ಮನ್ಯಾಗ ಅಷ್ಟು ಹೇಳಿದ್ರೂ ನೀ ಸುಮ್ಮನ ಕೂತಿದ್ದಿಯಲ್ಲ."

"ನಾ ಹೇಳೂ ಮಾತಾಗಿರಲಿಲ್ರಿ ಅದು. ಸರ್ ಹೇಳಬೇಕಾಗಿತ್ತು. ಅವರ ಅಕ್ಷರದಾಗ ನೀವs ಓದಬೇಕಂತ ಅನಸ್ತು."

ಅವರು ತಲೆಯಾಡಿಸಿದರು. ಸಿಟ್ಟಾದರೋ ಇಲ್ಲವೋ ತಿಳಿಯಲಿಲ್ಲ. "ಬೀದರ ಬಸ್ ಹೋಗಲಿ," ಅಂದರು. "ಭಾಲ್ಕಿಗೆ ಹೋಗೋಣ ನಡಿ."

ಭಾಲ್ಕಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಜಿಜಾಬಾಯಿ ನನ್ನನ್ನು ಮುಖ್ಯ ರಸ್ತೆಯಿಂದ ಒಳಗೆ, ಎರಡು ಗಲ್ಲಿ ದಾಟಿಸಿ, ಒಂದು ಹಳೆಯ ಕಲ್ಲಿನ ಮನೆಯ ಎದುರು ನಿಲ್ಲಿಸಿದರು. ಎಂಬತ್ತೇಳರಲ್ಲಿ ಅವರು ಬಾಡಿಗೆಗಿದ್ದ ಮನೆ. ಮೇಲೆ ಹೊಸ ಅಂತಸ್ತು ಎದ್ದಿತ್ತು, ಕೆಳಗಿನ ಬಾಗಿಲು ಮಾತ್ರ ಹಳೆಯದೇ. ಒಳಗಿನಿಂದ ಒಬ್ಬ ಹೆಣ್ಣುಮಗಳು ಹಿಟ್ಟಿನ ಕೈಯಲ್ಲೇ ಬಂದು ಯಾರು ಬೇಕಾಗಿತ್ತು ಎಂದು ಕೇಳಿದಳು.

"ನಾವು ಮೊದಲ ಇಲ್ಲಿ ಇದ್ವಿವ್ವ. ಜರಾ ಅಡಗಿಮನಿ ನೋಡಬಹುದೇನು?"

ಆಕೆ ಅನುಮಾನದಿಂದಲೇ ದಾರಿ ಬಿಟ್ಟಳು. ಹೆಸರು ಮೇಘಾ ಎಂದಳು. ಅಡುಗೆಮನೆಯಲ್ಲಿ ಗ್ಯಾಸಿನ ಕಟ್ಟೆಯಾಗಿತ್ತು, ಗೋಡೆಗೆ ಟೈಲ್ಸು. ಜಿಜಾಬಾಯಿ ನಡುವೆ ನಿಂತು ಸುತ್ತ ನೋಡಿದರು. ಕಿಟಕಿಯ ಪಕ್ಕದ ಗೋಡೆಯನ್ನು ಅಂಗೈಯಿಂದ ಮುಟ್ಟಿದರು.

"ಇಲ್ಲೆ ಕೂಡತಿದ್ರು ಊಟಕ್ಕ," ಎಂದು ನನಗೆ ಹೇಳಿದರು. "ಗ್ವಾಡಿಗೆ ಬೆನ್ನು ಹಚ್ಚಿ. ಟ್ರೇನಿಂಗ್ ಮುಗಿಸಿ ನಾ ಬಂದ ದಿನ ಬಾಗಲದಾಗ ನಿಂತು ಚಪ್ಪಲಿ ಬಿಡಾಕಹತ್ತಿದ್ದೆ. ಇವರು ಉಣ್ಣಾಕ ಕೂತಿದ್ರು. ನನ್ನ ನೋಡಿದ್ರು. ಎದ್ದು ಬರ್ತಾರ, ಏನರ ಅಂತಾರ ಅಂತ ನಾ ನಿಂತೆ. 'ಬಾ, ಊಟಕ್ಕ ಕೂಡು' ಅಂದ್ರು, ಅಷ್ಟs. ನನಗ ಎಷ್ಟು ಸಿಟ್ಟು ಬಂತು ಅಂತೀ. ಒಂಬತ್ತು ತಿಂಗಳ ಮ್ಯಾಲ ಬಂದ್ರ ಇಷ್ಟs ಏನು ಅಂತ. ನಾಕು ದಿನಾ ಮಾತು ಬಿಟ್ಟಿದ್ದೆ."

"ಆಮ್ಯಾಲ?"

"ಆಮ್ಯಾಲ ಡ್ಯೂಟಿ ಶುರು ಆತು. ಮರತೆ. ಅವತ್ತು ಅವರ ಮುಂದ ಎಷ್ಟು ತಾಟು ಇದ್ವು ಅಂತ ನಾ ನೋಡಲೇ ಇಲ್ಲ."

ಮೇಘಾ ಚಾ ಮಾಡುತ್ತೇನೆ, ಕೂಡಿರಿ ಎಂದಳು. ಬೀದರಕ್ಕೆ ಬಸ್ಸು ತಪ್ಪೀತು ಎಂದು ನಾನು ಹೇಳುವುದರಲ್ಲಿದ್ದೆ. ಜಿಜಾಬಾಯಿ ಆಗಲೇ ಆ ಗೋಡೆಗೆ ಬೆನ್ನು ಹಚ್ಚಿ, ಸೀರೆಯ ನಿರಿಗೆ ಸರಿಮಾಡಿಕೊಂಡು ಕೆಳಗೆ ಕೂತಿದ್ದರು.